ಹಾಳು ಬಾವಿಯಲ್ಲಿ ಫಿಜಿಕ್ಸ್ ತಾಸು

ಶಿಗ್ಗಾಂವದ ಹೈಸ್ಕೂಲಿಗೆ ನಾನು ಸೈನ್ಸ್ ಮಾಸ್ತರನಾಗಿ ಹೋದದ್ದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ತುಸು ಮೊದಲು. ಪುಣೆಯಲ್ಲಿ ಬಿ.ಎಸ್‌ಸಿ. ಮುಗಿಸಿದ್ದೆ. ಇಂಜಿನಿಯರ್ ಆಗುವ ಆಸೆಯಿತ್ತು, ಆದರೆ ಇಂಜಿನಿಯರಿಂಗ್ ಕಾಲೇಜಿನವರಿಗೆ ನನ್ನ ಅಗತ್ಯ ಕಂಡಿರಲಿಲ್ಲ. ಶಾಲೆಯ ಪ್ರಯೋಗಶಾಲೆ ಎಂದರೆ ಒಂದು ಗಾಜಿನ ಕಪಾಟು. ಅದರೊಳಗೆ ಒಂದು ತಕ್ಕಡಿ, ಒಂದು ಒಡಕು ಥರ್ಮಾಮೀಟರು, ಮತ್ತೆ ಹೆಡ್‌ಮಾಸ್ತರರ ಉಪ್ಪಿನಕಾಯಿ ಭರಣಿ. ದಿನವೂ ಪ್ರಯೋಗಕ್ಕೆ ಒಳಗಾಗುತ್ತಿದ್ದದ್ದು ಭರಣಿ ಮಾತ್ರ.

ಹೆಡ್‌ಮಾಸ್ತರರು ಸಂಸ್ಕೃತದವರು. ಫಿಜಿಕ್ಸನ್ನೂ ಶ್ಲೋಕದ ಹಾಗೆ ಬಾಯಿಪಾಠ ಮಾಡಿಸಿದರೆ ಸಾಕು ಎಂಬುದು ಅವರ ಸಿದ್ಧಾಂತ. ತೇಲುವ ನಿಯಮ ಹೇಳುವಾಗ ನಾನು, ಗ್ರೀಸಿನ ಪಂಡಿತನೊಬ್ಬ ಸ್ನಾನದ ತೊಟ್ಟಿಯಿಂದ ಎದ್ದು ಬತ್ತಲೆ ಓಡಿದ ಕತೆ ಹೇಳಿದೆ. ಒಬ್ಬ ಹುಡುಗ, "ಧೋತರ ಉಟ್ಕೊಳ್ಳಾಕ ಏನಾಗಿತ್ತರಿ ಸರ್?" ಎಂದ. ವರ್ಗವೆಲ್ಲ ನಕ್ಕಿತು. ನಗೆ ಕೇಳಿ ಬಂದ ಹೆಡ್‌ಮಾಸ್ತರರು, "ಮಾಸ್ತರ್ರ, ಈ ಸಾಲ್ಯಾಗ ಬತ್ಲೆ ಪಂಡಿತರು ಬ್ಯಾಡ್ರಿ. ನಿಯಮ ಹೇಳ್ರಿ, ಮುಂದಕ್ಕ ನಡೀರಿ" ಎಂದರು.

ಮುಂದಕ್ಕೆ ನಡೆದೆ. ಬಂಕಾಪುರದ ಕೋಟೆಗೋಡೆಯ ಎತ್ತರವನ್ನು ನೆರಳಿನಿಂದ ಅಳೆಯೋಣವೆಂದು ಒಂದು ಶನಿವಾರ ಮ್ಯಾಟ್ರಿಕ್ ಹುಡುಗರನ್ನು ಎರಡು ಚಕ್ಕಡಿಯಲ್ಲಿ ತುಂಬಿಕೊಂಡು ಹೊರಟೆ. ಹೆಡ್‌ಮಾಸ್ತರರು ನಾವು ಇತಿಹಾಸಕ್ಕೆ ಹೊರಟಿದ್ದೇವೆಂದು ತಿಳಿದು ಒಪ್ಪಿದ್ದರು. ನಾನು ತಿದ್ದಲಿಲ್ಲ.

ದಾರಿಯಲ್ಲಿ ಒಂದು ಕೆರೆಯ ಒಡ್ಡಿನ ಕೆಳಗೆ ಜನ ಸೇರಿತ್ತು. ಹೂಳು ತುಂಬಿದ ಹಾಳು ಬಾವಿಯೊಳಗೆ ಎಮ್ಮೆಯೊಂದು ಜಾರಿ ಬಿದ್ದಿತ್ತು. ಬಾವಿ ಎರಡಾಳು ಆಳವಿದ್ದೀತು. ಒಂದು ಕಡೆ ಕಟ್ಟೆ ಕುಸಿದು ಮೇಲ್ಭಾಗ ಮಾತ್ರ ಇಳಿಜಾರಾಗಿತ್ತು. ಕೆಳಗಿನ ಮೆತ್ತನೆಯ ಎರೆಮಣ್ಣಿನಲ್ಲಿ ಎಮ್ಮೆ ಸುರಕ್ಷಿತವಾಗಿ ನಿಂತು, ಮೇಲಿನವರನ್ನೆಲ್ಲ ತಪ್ಪಿತಸ್ಥರಂತೆ ನೋಡುತ್ತಿತ್ತು. ಅದು ತುಂಬು ಗಬ್ಬ. ಎಮ್ಮೆಯ ಒಡೆಯನಾದ ಗೌಡ, ಹೊಟ್ಟೆಗೆ ಹಗ್ಗ ಬಿಗಿದು ಎಳೆಯಲು ಆಳುಗಳಿಗೆ ಹೇಳುತ್ತಿದ್ದ. ಅವನ ತಾಯಿ, ಹಲ್ಲು ಹೋದರೂ ಮಾತಿನ ಹರಿತ ಹೋಗದ ಮುದುಕಿ, ಅಡ್ಡ ನಿಂತಿದ್ದಳು.

"ಹೊಟ್ಟಿಗೆ ಹಗ್ಗ ಹಾಕಿದ್ರ ಕರ ಉಳೀತೈತೇನೋ? ನಿನ್ನ ಹೊಟ್ಟಿಗೆ ಕಟ್ಟಿ ಎಳೀಲೇನು?"

ನನ್ನ ಬಾಯಿ ಸುಮ್ಮನಿರಲಿಲ್ಲ. "ಅವ್ವಾರ, ಕೆರೀ ತೂಬು ಬಿಡಸ್ರಿ. ಬಾವಿ ತುಂಬಿದಂಗ ಎಮ್ಮಿ ತೇಲ್ಕೋತ ಮ್ಯಾಲ ಬರ್ತೈತಿ."

ಗೌಡ ನನ್ನ ಕೋಟು ಟೋಪಿಗಳನ್ನು ಮೇಲಿಂದ ಕೆಳಗೆ ನೋಡಿದ. "ಬಿದ್ದದ್ದು ಸಾಲ್ದು ಅಂತ ಮುಳುಗಿಸಿ ಕೊಲ್ಲೂದೇನ್ರಿ ಮಾಸ್ತರ? ಪುಣೇದಾಗ ಇದನ್ನ ಕಲಿಸ್ಯಾರೇನು?"

"ಎಮ್ಮಿ ಕೆರ್ಯಾಗ ಈಸೂದಿಲ್ಲೇನಲೇ?" ಎಂದು ಮುದುಕಿ ಮಗನ ಬಾಯಿ ಮುಚ್ಚಿಸಿ ನನ್ನ ಕಡೆ ತಿರುಗಿದಳು. "ಖಾತ್ರಿ ಐತೇನ್ರಿ ನಿಮ್ಗ?"

"ಐತ್ರಿ" ಎಂದೆ. ನಿಯಮದ ಬಗ್ಗೆ ಖಾತ್ರಿಯಿತ್ತು, ಎಮ್ಮೆಯ ಬಗ್ಗೆ ಇರಲಿಲ್ಲ. ಪುಸ್ತಕದಲ್ಲಿದ್ದದ್ದು ಮರದ ತುಂಡಿನ ಚಿತ್ರ. ಮರದ ತುಂಡು ಗಬ್ಬವಾಗುವುದಿಲ್ಲ.

ತೂಬು ಬಿಟ್ಟರು. ಕಾಲುವೆಯಿಂದ ನೀರು ಬಾವಿಗೆ ಧುಮುಕಿತು. ಎಮ್ಮೆಯ ಮೊಣಕಾಲು ಮುಳುಗಿತು, ಹೊಟ್ಟೆ ಮುಳುಗಿತು, ನೀರು ಕುತ್ತಿಗೆಗೆ ಬಂದಾಗ ಅದು ಒಮ್ಮೆ ಅರಚಿತು. ದೇವರನ್ನು ನಂಬದ ನಾನು ಊರಿನ ಎಲ್ಲ ದೇವರಿಗೂ ಸರದಿಯಂತೆ ಅರ್ಜಿ ಹಾಕಿದೆ. ಆಮೇಲೆ ಎಮ್ಮೆಯ ಬೆನ್ನು ಮೆಲ್ಲಗೆ ಅಲುಗಿತು. ಕಾಲು ನೆಲ ಬಿಟ್ಟಿತ್ತು. ನೀರು ಏರಿದಂತೆ ಎಮ್ಮೆಯೂ ಏರಿತು.

ನನಗೆ ಧೈರ್ಯ ಬಂದು, ಸರಿಸಿದ ನೀರಿನ ತೂಕ ಎಂದು ಗಂಟಲು ಹರಿಯುವಂತೆ ಪಾಠ ಶುರುಮಾಡಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸರ್, ಹೊಟ್ಟ್ಯಾಗಿನ ಕರ ಯಾರ ಲೆಕ್ಕಕ್ಕ ತೇಲಾಕತ್ತೈತ್ರಿ?" ನನ್ನ ನೌಕರಿಯಲ್ಲಿ ಅಷ್ಟು ಒಳ್ಳೆಯ ಪ್ರಶ್ನೆ ಮತ್ತೆ ಯಾರೂ ಕೇಳಲಿಲ್ಲ.

ನೀರು ಅಂಚಿಗೆ ಬಂತು. ಎಮ್ಮೆ ಮಾತ್ರ ಹೊರಗೆ ಬರಲಿಲ್ಲ. ಬಿಸಿಲಿನಲ್ಲಿ ತಣ್ಣೀರು ಸಿಕ್ಕ ಮೇಲೆ ಅದಕ್ಕೇನು ಅವಸರ? ಕಣ್ಣು ಮುಚ್ಚಿ ಮೆಲುಕು ಹಾಕುತ್ತ ತೇಲಿತು. ಕೂಗಿದೆವು, ಬೇಡಿಕೊಂಡೆವು. ಕೊನೆಗೆ ಮುದುಕಿ ನೆನೆಸಿದ ಹತ್ತಿಕಾಳಿನ ಬುಟ್ಟಿ ತರಿಸಿ ಕುಸಿದ ಕಟ್ಟೆಯ ಮೇಲಿಟ್ಟಳು. ಎಮ್ಮೆ ಒಂದು ಕಣ್ಣು ತೆರೆದು, ಇಳಿಜಾರಿಗೆ ಈಸಿ, ಹತ್ತಿ ಬಂದು ತಿನ್ನತೊಡಗಿತು. ಹುಡುಗರು ಟೋಪಿ ಹಾರಿಸಿದರು. ಗೌಡ ನನಗೆ ಕೈ ಮುಗಿದ.

ಸೋಮವಾರ ಹೆಡ್‌ಮಾಸ್ತರರು ಕೇಳಿದರು: "ಕೋಟಿ ಹೆಂಗಿತ್ರಿ?"

"ಕೋಟಿ ತನಕ ಹೋಗ್ಲಿಲ್ರಿ. ನಡುವ ಎಮ್ಮಿ ಬಂತು."

ಲಿಖಿತ ಕಾರಣ ಕೊಡಿ ಎಂದರು. ನಾನು ಬರೆಯುವ ಮೊದಲೇ ಎಮ್ಮೆ ಸುಖವಾಗಿ ಈದಿತು. ಮುದುಕಿ ಶಾಲೆಗೆ ಒಂದು ಕೊಳಗ ಗಿಣ್ಣ ಕಳಿಸಿದಳು. ಹೆಡ್‌ಮಾಸ್ತರರು ಅದನ್ನು ಸರಸ್ವತಿಗೆ ತೋರಿಸಿ, ಸರಸ್ವತಿಯ ಪರವಾಗಿ ತಾವೇ ಮೂರು ಸಲ ಬಡಿಸಿಕೊಂಡರು. ಲಿಖಿತ ಕಾರಣದ ಮಾತು ಮತ್ತೆ ಬರಲಿಲ್ಲ.

ವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಬರೆದಿದ್ದ: "ದ್ರವದಲ್ಲಿ ಮುಳುಗಿದ ವಸ್ತು ತೇಲಿ ಮೇಲೆ ಬರುತ್ತದೆ, ಆದರೆ ಹತ್ತಿಕಾಳು ತೋರಿಸದೆ ಹೊರಗೆ ಬರುವುದಿಲ್ಲ." ಪೂರ್ತಿ ಗುಣ ಕೊಟ್ಟೆ.

ಆಮೇಲೆ ಸವಣೂರು, ಹಿರೇಕೆರೂರು ಎಂದು ಊರೂರು ತಿರುಗಿದೆ. ಎಲ್ಲ ಕಡೆ ನನಗಿಂತ ಮೊದಲೇ 'ಎಮ್ಮಿ ಮಾಸ್ತರ' ಎಂಬ ಹೆಸರು ಹೋಗಿ ಕುಳಿತಿರುತ್ತಿತ್ತು. ಹಾನಗಲ್ಲಿನಲ್ಲಿ ಹಾಜರಾದ ದಿನವೇ ರೈತನೊಬ್ಬ ವರ್ಗದ ಬಾಗಿಲಲ್ಲಿ ನಿಂತು, "ಎಮ್ಮಿ ಮಾಸ್ತರ ನೀವಲ್ರಿ? ನಮ್ಮ ಚಕ್ಕಡಿ ಹಳ್ಳದ ರಾಡ್ಯಾಗ ಹುಗದೈತಿ, ಬರ್ರಿ" ಎಂದ.

ಬೋರ್ಡಿನ ಮೇಲೆ ಸನ್ನೆಕೋಲಿನ ಚಿತ್ರ ಅರ್ಧ ಬರೆದಿದ್ದೆ. ಸೀಮೆಸುಣ್ಣ ಇಟ್ಟು, ಹುಡುಗರಿಗೆ "ಏಳ್ರಿ" ಎಂದೆ.