ಗಾಲಿಯಡಿಯ ಒಣದ್ರಾಕ್ಷಿ

ತಿಕೋಟಾದ ಮಾಸ್ತರರೊಬ್ಬರಿಗೆ ಪುಟ್ಟ ರೈಲು ಓಡಿಸುವ ಹುಚ್ಚು. ಹಳಿ ಹಾಸಿದ್ದು ಊಟದ ಮೇಜಿನ ಮೇಲೆ. ಎಂಜಿನ್ನಿಗೆ ಸದ್ದು ಕೂಡಿಸಲು ರಿಪೇರಿ ಅಂಗಡಿಯ ನನ್ನನ್ನು ಮನೆಗೆ ಕರೆಸಿದ್ದರು. ರಿಮೋಟಿನ ಮಾತು ಕೇಳಿ ಎಂಜಿನ್ ಓಡಿಸುವ ಹಳೆಯ ಡಿಕೋಡರ್ ತೆಗೆದು, ಸದ್ದು ಮಾಡುವ ಹೊಸದನ್ನು ಕೂಡಿಸಿ, ಉಗುರಿನಷ್ಟು ಸ್ಪೀಕರಿಗೆ ಬೆಸುಗೆ ಹಾಕುವಷ್ಟರಲ್ಲಿ ನನ್ನ ಕುತ್ತಿಗೆ ಹಿಡಿದುಕೊಂಡಿತ್ತು.

ಗುಂಡಿ ಒತ್ತುವ ಮೊದಲು ಮಾಸ್ತರರ ತಾಯಿ ತಡೆದರು. "ಹೊಸಾ ಸಾಮಾನು ಹಾಕೀದಿ, ಪೂಜಿ ಮಾಡ್ದ ಹ್ಯಾಂಗ ಬಿಡ್ತಿ ತಮ್ಮಾ?"

ಗಾಲಿಯಡಿ ಇಡಲೆಂದು ಅವರು ತಂದ ಲಿಂಬೆಹಣ್ಣು ಎಂಜಿನ್ನಿನಷ್ಟೇ ಎತ್ತರವಿತ್ತು. ಅವರು ಒಳಗೆ ಹೋಗಿ ಒಂದು ಒಣದ್ರಾಕ್ಷಿ, ಅವರ ಮಾತಿನಲ್ಲಿ ಮಣೂಕ, ತಂದು ಹಳಿಯ ಮೇಲಿಟ್ಟರು.

"ಅವ್ವಾರ, ಅಂಟಿದ್ರ ಗಾಲಿಗೆ ಕರೆಂಟ್ ಹತ್ತಂಗಿಲ್ರಿ," ಅಂದೆ.

"ನಮ್ಮ ಮಣೂಕ ಯಾರಿಗೂ ಕೆಟ್ಟ ಮಾಡಿಲ್ಲ. ಬಿಡಪಾ."

ಒತ್ತಿದೆ. ಎಂಜಿನ್ ನಿಂತಲ್ಲೇ ಗುಡುಗುಡು ಎಂದಿತು, ಆಮೇಲೆ ಮೆಲ್ಲಗೆ ಉರುಳಿ ಬಂದು ದ್ರಾಕ್ಷಿಗೆ ತಾಗಿ ತಡವರಿಸಿತು. ಎಂಜಿನ್ನಿಗೆ ಭಾರ ಬಿದ್ದಾಗ ಈ ಡಿಕೋಡರಿನ ಸದ್ದು ದಪ್ಪವಾಗುತ್ತದೆಂದು ಓದಿದ್ದೆ, ಕೇಳಿರಲಿಲ್ಲ. ಈಗ ಕೇಳಿದೆ. ತುಂಬಿದ ಗೂಡ್ಸ್ ಗಾಡಿ ಏರು ಹತ್ತುವಾಗಿನ ಆ ಏದುಸಿರು ಮೇಜಿನ ಮೇಲಿದ್ದ ನನ್ನ ಅಂಗೈಯೊಳಗೂ ಇಳಿಯಿತು. ಮಾಸ್ತರರು ಮೇಜಿನಂಚಿಗೆ ಬಗ್ಗಿದರು. ಗಾಲಿ ದ್ರಾಕ್ಷಿಯನ್ನು ಹತ್ತಿ ಇಳಿದು ಮುಂದೆ ಹೋಯಿತು.

"ಜೀವ ಬಂತು ನೋಡು," ಅನ್ನುತ್ತ ಅವ್ವ ಚಪ್ಪಟೆಯಾದ ದ್ರಾಕ್ಷಿಯನ್ನು ಪ್ರಸಾದವೆಂದು ನನ್ನ ಕೈಗಿಟ್ಟರು. ತಿಂದೆ. ಸ್ವಲ್ಪ ಎಣ್ಣೆ ವಾಸನೆಯಿತ್ತು.

ಅಥಣಿ ರಸ್ತೆಯ ನನ್ನ ಅಂಗಡಿಯಲ್ಲಿ ಈಗ ಬೆಸುಗೆ ಸಾಮಾನಿನ ಪಕ್ಕ ಒಂದು ಡಬ್ಬಿ ಒಣದ್ರಾಕ್ಷಿ ಇಟ್ಟಿದ್ದೇನೆ, ಎಂಜಿನ್ ಪರೀಕ್ಷೆಗೆಂದು. ಇನ್ನೊಂದು ಎಂಜಿನ್ ಇದುವರೆಗೂ ಬಂದಿಲ್ಲ. ಡಬ್ಬಿ ಮಾತ್ರ ಮತ್ತೆ ಮತ್ತೆ ಖಾಲಿಯಾಗುತ್ತಿದೆ.