ಫ್ಯಾನಿಗೂ ಒಂದು ಚೀಟಿ

ಹೊಸಪೇಟೆಯ ನಮ್ಮ ವೈರ್‌ಲೆಸ್ ವರ್ಕ್‌ಶಾಪಿನಲ್ಲಿ ಅಳತೆಯ ಯಂತ್ರಗಳ ತಪಾಸಣೆ ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ನಡೆಯುತ್ತಿತ್ತು. ಹಿರಿಯ ಇಂಜಿನಿಯರ್ ಸಾಹೇಬರು ಕುಂಕುಮದ ಜೊತೆಗೇ ‘ತಪಾಸಣೆ ಆಗಿದೆ’ ಎಂಬ ಚೀಟಿ ಹಚ್ಚುತ್ತಾ ಹೋಗುತ್ತಿದ್ದರು. ಒಂದು ಸ್ವಿಚ್ಚನ್ನೂ ಒತ್ತುತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಗೆ, ನಾನು ಸೇರಿದ ವರ್ಷ, ಎಣಿಸಿ ಡೈರಿಯಲ್ಲಿ ಬರೆದುಕೊಂಡೆ: ಯಂತ್ರ ಹದಿನೆಂಟು, ಚೀಟಿ ಹತ್ತೊಂಬತ್ತು. ಹೆಚ್ಚಿನದು ಸಾಹೇಬರ ಟೇಬಲ್ ಫ್ಯಾನಿನ ಮೇಲಿತ್ತು.

ಮರುವಾರ, ಸೋಮವಾರ, ಕಂಪ್ಲಿ ಕಾಲುವೆಯ ಆಪರೇಟರು ವಾರ್ಷಿಕ ಪರೀಕ್ಷೆಗೆ ತಮ್ಮ ವೈರ್‌ಲೆಸ್ ಸೆಟ್ಟು ತಂದರು. ನಾನು ಫೇಸ್ ನಾಯ್ಸ್ ಅಳೆದೆ. ಅಂದರೆ, ಸ್ಥಿರವಾಗಿರಬೇಕಾದ ತರಂಗ ಎಷ್ಟು ನಡುಗುತ್ತದೆ ಎಂಬುದನ್ನು. ಯಂತ್ರದ ಪರದೆಯ ಮೇಲೆ ಗೆರೆಯ ಎರಡೂ ಪಕ್ಕ ಮುಳ್ಳೆದ್ದಿದ್ದವು.

“ಸೆಟ್ ಬಿಚ್ಚೀಯೇನಲೇ?” ಸಾಹೇಬರು ಆಪರೇಟರನ್ನು ಗದರಿದರು.

“ಇಲ್ರೀ ಸಾಹೇಬ್ರ, ಧೂಳ ಒರೆಸೋದು ಬಿಟ್ರ ಕೈ ಹಚ್ಚಿಲ್ರೀ.”

“ಮಿಷನ್ ಸುಳ್ಳು ಹೇಳ್ತದೇನು? ಚೀಟಿ ನೋಡು! ಶುಕ್ರವಾರ ರಿಪೋರ್ಟ್ ಕಳಸ್ತೀನಿ. ನೌಕರಿ ಮರ್ತ್‌ಬಿಡು.”

ಚೀಟಿಯನ್ನೇ ಸಾಕ್ಷಿ ಮಾಡುವ ಈ ಮನುಷ್ಯನಿಗೆ ಇಂಜಿನಿಯರ್ ಪದವಿ ಯಾರು ಕೊಟ್ಟರೋ! ಅವರು ಊಟಕ್ಕೆ ಹೋದಾಗ ಕಂಪ್ಲಿಯ ಸೆಟ್ಟು ತೆಗೆದು, ಬೀರುವಿನಲ್ಲಿದ್ದ ಹೊಚ್ಚಹೊಸ ಸೆಟ್ಟು ಜೋಡಿಸಿದೆ. ಅವೇ ಮುಳ್ಳು; ಅಂದರೆ ದೋಷ ಸೆಟ್ಟಿನದಲ್ಲ. ಫ್ಯಾನ್ ಆರಿಸಿದೆ. ಮುಳ್ಳು ಮಾಯ. ಫ್ಯಾನು ಯಂತ್ರದ ಮೇಜಿನ ಮೇಲೆಯೇ ಕೂತು, ತನ್ನ ನಡುಕವನ್ನು ಯಂತ್ರದೊಳಗೆ ತರಂಗವನ್ನು ಸ್ಥಿರವಾಗಿಡುವ ಹರಳಿಗೆ ದಾಟಿಸುತ್ತಿತ್ತು. ಗುರುವಾರದವರೆಗೆ ಲೆಕ್ಕ ಇಟ್ಟೆ: ಹಾಕಿದ್ದು ಹನ್ನೆರಡು ಸಲ, ಹನ್ನೆರಡೂ ಸಲ ಮುಳ್ಳು, ಆರಿಸಿದ್ದು ಹನ್ನೆರಡು ಸಲ, ಒಮ್ಮೆಯೂ ಇಲ್ಲ.

ಶುಕ್ರವಾರ ಆಪರೇಟರ ಎದುರಿಗೇ ಕಂಪ್ಲಿಯ ಸೆಟ್ಟು ಮತ್ತೆ ಜೋಡಿಸಿ, ಫ್ಯಾನ್ ಆರಿಸಿ, ಮುಳ್ಳಿಲ್ಲದ ಗೆರೆಯನ್ನು ಸಾಹೇಬರಿಗೆ ತೋರಿಸಿದೆ.

“ಫ್ಯಾನ್ ಹಚ್ಚೋ, ಭಾಳ ಸೆಕಿ ಆಗ್ತದ,” ಎಂದರು ಸಾಹೇಬರು.

“ಹಚ್ಚಿದ್ರ ಮುಳ್ಳು ಬರ್ತಾವ್ರೀ. ಕೆಳಗ ಇಡ್ಲೇನ್ರೀ?”

“ಬ್ಯಾಡ. ಪೂಜಿ ಮಾಡಿದ್ದನ್ನ ಸರಸಬಾರದು.”

ರಿಪೋರ್ಟಿನಲ್ಲಿ ಅವರು ಬರೆದದ್ದು: ‘ಹವಾಮಾನ ಸುಧಾರಿಸಿದ್ದರಿಂದ ಸೆಟ್ಟು ಸರಿಹೋಗಿದೆ.’ ಸಹಿ ಹಾಕಿ, ಫ್ಯಾನ್ ಹಚ್ಚಿಕೊಂಡು, ಕಣ್ಣು ಮುಚ್ಚಿದರು.

ನೌಕರಿ ಉಳಿಸಿಕೊಂಡ ಆಪರೇಟರು ಸೆಟ್ಟನ್ನು ಹೆಗಲಿಗೇರಿಸಿ, ಫ್ಯಾನಿನ ಚೀಟಿಯನ್ನು ಓದಿದರು.

“ಇದಕ್ಕೂ ತಪಾಸಣಿ ಆಗೇತೇನ್ರೀ?”

“ಆಗೇತ್ರೀ,” ಎಂದೆ. “ಇಲ್ಲಿ ಖರೇನ ಆಗಿದ್ದು ಇದೊಂದಕ್ಕ.”