ಕೇಳುಗನ ಹಟ

ಮಧುಸೂದನನಿಗೆ ಹಾಡಲು ಬರುವುದಿಲ್ಲ, ನುಡಿಸಲು ಬರುವುದಿಲ್ಲ. ಆದರೆ ಕೇಳಲು ಬರುತ್ತಿತ್ತು. ಅದೇನು ಮಹಾ, ಕಿವಿ ಇರುವವರೆಲ್ಲ ಕೇಳುತ್ತಾರೆ ಅನ್ನಬೇಡಿ. ಮೈಸೂರಿನ ರಾಮೋತ್ಸವದ ಕಚೇರಿಗಳಲ್ಲಿ ಇವನು ಕೂತಿದ್ದರೆ, ವಿದ್ವಾಂಸರು ಒಂದು ಒಳ್ಳೆಯ ಸಂಗತಿ ಹಾಕಿ ಇವನ ಮುಖ ನೋಡುತ್ತಿದ್ದರು. ಹಾಗೆ ನೋಡಿದ್ದನ್ನು ಮನೆಗೆ ಬಂದು ಹೆಂಡತಿ ಅನಸೂಯಳಿಗೆ ಹೇಳದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಡಬ್ಲಿನ್ನಿಗೆ ಬಂದು ಹದಿನಾಲ್ಕು ವರ್ಷ. ಲೆಪರ್ಡ್ಸ್‌ಟೌನಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಬ್ಲಾಂಚರ್ಡ್ಸ್‌ಟೌನಿನಲ್ಲಿ ಬಾಡಿಗೆ ಮನೆ. ಇಲ್ಲಿಯ ಕನ್ನಡದ ಮಕ್ಕಳು ಹಾಡಿದರೂ ನುಡಿಸಿದರೂ ಮೊದಲ ಕುರ್ಚಿ ಮಧುಸೂದನ ಅಂಕಲ್‌ಗೇ ಮೀಸಲು.

ಅಂಥವನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಕಿವಿ ಹೋಯಿತು. ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು ಪಾಲು. ಆಪರೇಷನ್ ಮಾಡಿ ಎಡಗಿವಿಯೊಳಗೆ ಒಂದು ಯಂತ್ರ ಕೂರಿಸಿದರು, ಬಲಗಿವಿಗೆ ಹಿಯರಿಂಗ್ ಏಡ್ ಕೊಟ್ಟರು. ಎದುರಿಗೆ ಕೂತು ಆಡಿದ ಮಾತು ತಿಳಿಯತೊಡಗಿತು. ಸಂಗೀತ ಮಾತ್ರ ತಗಡಿನ ಡಬ್ಬದಲ್ಲಿ ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗಿತ್ತು. ಇದನ್ನು ಯಾರಿಗಾದರೂ ಹೇಳಿದನೆ? ಇಲ್ಲ. ಅನಸೂಯ ವಿಚಾರಿಸಿದಾಗಲೆಲ್ಲ "ಗ್ರ್ಯಾಂಡ್ ಆಗಿ ಕೇಳಿಸ್ತಿದೆ" ಅಂದುಬಿಡುತ್ತಿದ್ದ, ಮಹಾರಾಯ.

ಆ ವರ್ಷದ ರಾಜ್ಯೋತ್ಸವದಲ್ಲಿ ಬಣ್ಣ ಬಯಲಾಯಿತು. ಹದಿಮೂರು ವರ್ಷದ ಅರ್ಪಿತಾ ಪಿಟೀಲು ಹಿಡಿದು ವೇದಿಕೆಯ ಮೇಲೆ ಕೂತಳು. ಮೊದಲ ಕುರ್ಚಿಯಲ್ಲಿ ಮಧುಸೂದನ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, ತಲೆದೂಗತೊಡಗಿದ. ಎರಡು ನಿಮಿಷ ಕಳೆದ ಮೇಲೆ ಆ ಹುಡುಗಿ ಕಮಾನು ಇಳಿಸಿ, ಇಲ್ಲೇ ಹುಟ್ಟಿದ ಮಕ್ಕಳ ಧಾಟಿಯಲ್ಲಿ, ಮೈಕಿನಲ್ಲೇ ಹೇಳಿದಳು: "ಅಂಕಲ್, ಐ ವಾಸ್ ಓನ್ಲಿ ಟ್ಯೂನಿಂಗ್!"

ಅವಳು ಇನ್ನೂ ಶ್ರುತಿ ಮಾಡಿಕೊಳ್ಳುತ್ತಿದ್ದಳು! ಇಡೀ ಸಭೆ ಗೊಳ್ಳೆಂದಿತು. ಯಾರೂ ಕೆಟ್ಟ ಮನಸ್ಸಿನಿಂದ ನಗಲಿಲ್ಲ, ಅದು ನಿಜ. ಆದರೂ ಮಧುಸೂದನನಿಗೆ ನೆಲ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು.

ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಅನಸೂಯ ಅವನೆದುರು ಕೂತಳು. "ಮೊದಲಿಂದ್ಲೂ ಕೇಳಿಸ್ತಿರ್ಲಿಲ್ವಾ?"

"ಇಲ್ಲ ಕಣೇ."

"ನನ್ ಹತ್ರಾನೂ ಸುಳ್ಳಾ?"

ಅವನು ತಲೆ ತಗ್ಗಿಸಿದ. ಆಮೇಲೆ ತಲೆಯೆತ್ತಿ, "ಇನ್ಮೇಲೆ ಸುಳ್ಳು ತಲೆ ಆಡ್ಸಲ್ಲ. ನಿಜವಾಗ್ಲೂ ಕೇಳಿಸ್ಕೊಂಡೇ ತೀರ್ತೀನಿ. ಆಗ್ಲಿಲ್ಲ ಅಂದ್ರೆ ಕಚೇರಿ ಸಹವಾಸಾನೇ ಬಿಟ್ಬಿಡ್ತೀನಿ" ಅಂದ.

ಆಸ್ಪತ್ರೆಯಲ್ಲಿ ಕಿವಿಯ ಯಂತ್ರ ಹೊಂದಿಸುವ ಹೆಂಗಸು ಇವನ ಹಟ ನೋಡಿ ಒಂದು ದಾರಿ ತೋರಿಸಿದಳು. ಚಿಕ್ಕಂದಿನಿಂದ ಕೇಳಿದ ಸಂಗೀತ ಬೇಡ, ಹಳೆಯ ರುಚಿಗೆ ಹೋಲಿಸಿ ಹೋಲಿಸಿ ಸೋಲುತ್ತೀರಿ. ಗೊತ್ತೇ ಇಲ್ಲದ್ದನ್ನು ಹಿಡಿಯಿರಿ, ವಾದ್ಯ ಎರಡೇ ಇರಲಿ, ಲಯ ಸ್ಪಷ್ಟವಾಗಿರಲಿ ಅಂದಳು. ಜನ ದಾನ ಕೊಟ್ಟ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಅವನಿಗೆ ಒಂದು ಹಳೆಯ ಸೀಡಿ ಸಿಕ್ಕಿತು. ಹಿಂದೆ ವಿಯೆನ್ನಾದ ಕಾಫಿ ಅಂಗಡಿಗಳಲ್ಲಿ, ಸಿರಿವಂತರ ದಿವಾನಖಾನೆಗಳಲ್ಲಿ ನುಡಿಸುತ್ತಿದ್ದಂಥ ಪುಟ್ಟ ಪುಟ್ಟ ತುಣುಕುಗಳು. ಪಿಟೀಲು, ಜೊತೆಗೆ ಪಿಯಾನೊ, ಅಷ್ಟೆ.

ದಿನಾ ಬೆಳಗ್ಗೆ ಆರರಿಂದ ಏಳು. ಜ್ವರ ಬಂದರೂ ಬಿಡಲಿಲ್ಲ, ಕ್ರಿಸ್‌ಮಸ್ಸಿಗೂ ಬಿಡಲಿಲ್ಲ. ಮೊದಲ ತಿಂಗಳು ಬರೀ ಪಿಯಾನೊದ ಕುಟ್ಟಾಣಿ. ಎರಡನೆಯ ತಿಂಗಳು ಮೂರೆಣಿಕೆ ಸಿಕ್ಕಿತು. "ಅನು, ಇದು ತಿಶ್ರ ಕಣೇ! ತಕಿಟ, ತಕಿಟ!" ಎಂದು ಅಡುಗೆಮನೆಗೆ ಓಡಿಬಂದ. ಐದನೆಯ ತಿಂಗಳಿಗೆ ಸ್ವರ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಿತು. ಮೇಲಿನ ಸ್ವರಗಳು ಆಗಿನ್ನೂ ಪಾತ್ರೆ ಕೆರೆದ ಹಾಗೇ. ಹನ್ನೊಂದನೆಯ ತಿಂಗಳ ಹೊತ್ತಿಗೆ ಸೀಡಿಯ ಹದಿನಾಲ್ಕು ತುಣುಕುಗಳೂ ನೀಟಾಗಿ ಕೇಳಿಸುತ್ತಿದ್ದವು.

ಆಗ ಅನಸೂಯ ತಡೆಯಲಾರದೆ ಕೇಳಿಯೇಬಿಟ್ಟಳು: "ರೀ, ಬೇಜಾರ್ ಮಾಡ್ಕೋಬೇಡಿ. ಸಾವಿರ ಸಲ ಕೇಳಿದೀರ. ಇದು ಕಿವಿಗೆ ಬೀಳ್ತಿರೋದಾ, ಇಲ್ಲಾ ಬಾಯಿಪಾಠ ಆಗಿ ತಲೇಲಿ ಓಡ್ತಿರೋದಾ?"

ಅವನಿಗೆ ಉರಿದುಹೋಯಿತು, ನಿಜ. ಆದರೆ ಪ್ರಶ್ನೆ ನ್ಯಾಯವಾದದ್ದೇ.

ಅದೇ ತಿಂಗಳಲ್ಲಿ, ಇಂಥ ತುಣುಕುಗಳಿಗೆ ಜಗತ್ತಿನಲ್ಲೇ ಹೆಸರಾದ ಒಬ್ಬ ಪಿಟೀಲು ವಿದುಷಿ ಡಬ್ಲಿನ್ನಿಗೆ ಬಂದಳು. ಭಾನುವಾರ ಮಧ್ಯಾಹ್ನದ ಕಚೇರಿ. ಮಧುಸೂದನ ಮೂರನೇ ಸಾಲಿನಲ್ಲಿ ಎರಡು ಟಿಕೆಟ್ ತೆಗೆದ. ಸೀಡಿಯಲ್ಲಿದ್ದ ಏಳು ತುಣುಕುಗಳು ಅವಳ ಪಟ್ಟಿಯಲ್ಲೂ ಇದ್ದವು.

ಅರವತ್ತು ದಾಟಿದ ಹೆಂಗಸು, ನೀಲಿ ಉಡುಪು, ಮುಖದಲ್ಲಿ ತುಂಟತನ. ನುಡಿಸತೊಡಗಿದಳು. ಮಧುಸೂದನ ತೊಡೆಯ ಮೇಲೆ ಬೆರಳು ಎಣಿಸಿದ. ಎಂಟನೆಯ ಆವರ್ತಕ್ಕೇ ಹಳಿ ತಪ್ಪಿತು. ಅವಳು ಎರಡನೆಯ ಎಣಿಕೆಯನ್ನು ಒಂದು ಕೂದಲೆಳೆ ಮುಂಚೆ ತರುತ್ತಿದ್ದಳು, ಮೂರನೆಯದನ್ನು ಬೇಕೆಂದೇ ಕಾಯಿಸುತ್ತಿದ್ದಳು. ಅವನ ತಲೆಯೊಳಗಿನ ಸೀಡಿ ಮುಂದೆ ಓಡುತ್ತಿತ್ತು, ವೇದಿಕೆಯ ಮೇಲಿನ ಪಿಟೀಲು ಇನ್ನೂ ಹಿಂದೆಯೇ ಸೊಗಸು ಮಾಡುತ್ತಿತ್ತು. ಎರಡೂ ಕಲಸಿ ಮತ್ತೆ ಅದೇ ತಗಡಿನ ಡಬ್ಬ. ಹಾಗಾದರೆ ಹನ್ನೊಂದು ತಿಂಗಳೂ ಬರೀ ಬಾಯಿಪಾಠವೆ? ಎದ್ದು ಹೋಗೋಣವೆ?

ಹೋಗಲಿಲ್ಲ. ಹಟಮಾರಿ ಪ್ರಾಣಿ. ಎರಡೂ ಕೈ ಕಟ್ಟಿಕೊಂಡ, ತಾಳ ನಿಲ್ಲಿಸಿದ. ಬಂದದ್ದನ್ನು ಬಂದಷ್ಟೇ ಕೇಳುತ್ತೇನೆ, ಮುಂದೇನು ಅಂತ ಊಹಿಸುವುದಿಲ್ಲ ಎಂದು ಹಲ್ಲು ಕಚ್ಚಿ ಕೂತ. ಉಳಿದ ಆರು ತುಣುಕುಗಳಲ್ಲಿ ಅಲ್ಲೊಂದು ಇಲ್ಲೊಂದು ಎಳೆ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು.

ಪಟ್ಟಿ ಮುಗಿಯಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆಕೆ ಮರಳಿ ಬಂದು ಎರಡು ಮಾತಾಡಿದಳು. ಆ ಗದ್ದಲದಲ್ಲಿ ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅನಸೂಯ ಕಾರ್ಯಕ್ರಮದ ಹಾಳೆಯ ಅಂಚಿನಲ್ಲಿ ಪೆನ್ನಿನಿಂದ ಬರೆದು ತೋರಿಸಿದಳು: 'ಇನ್ನೊಂದು ತುಣುಕು, ಇವರ ಗುರುಗಳು ಬರೆದು ಪೆಟ್ಟಿಗೆಯಲ್ಲಿ ಇಟ್ಟಿದ್ದಂತೆ. ಇದುವರೆಗೂ ಯಾರೂ ನುಡಿಸಿಲ್ಲ. ಇವತ್ತೇ ಮೊದಲು.'

ಯಾರೂ ಕೇಳಿರದ ತುಣುಕು! ಬಾಯಿಪಾಠ ಮಾಡುವುದಾದರೂ ಎಲ್ಲಿಂದ? ಮಧುಸೂದನ ಬೆನ್ನು ನೆಟ್ಟಗೆ ಮಾಡಿ ಕೂತ.

ಪಿಟೀಲು ತಗ್ಗಿನಲ್ಲಿ ಶುರುವಾಯಿತು. ನಿಧಾನವಾಗಿ ಒಂದೊಂದೇ ಮೆಟ್ಟಿಲು ಹತ್ತಿತು, ಹಿಂದೆ ನೋಡಿತು, ಮತ್ತೆ ಹತ್ತಿತು. ಇನ್ನೊಂದೇ ಮೆಟ್ಟಿಲು, ಅಲ್ಲಿಗೆ ಬಂದೇ ಬಿಡುತ್ತದೆ ಅಂದುಕೊಳ್ಳುವಷ್ಟರಲ್ಲಿ ಕಮಾನು ನಿಂತಿತು. ಸಭೆ ಉಸಿರು ಹಿಡಿಯಿತು. ಆಕೆ ಮೇಲಿನ ಸ್ವರಕ್ಕೆ ಹೋಗಲೇ ಇಲ್ಲ. ಎರಡು ಮೆಟ್ಟಿಲು ಕೆಳಗಿನ ಸ್ವರದ ಮೇಲೆ, ಏನೂ ಆಗಿಲ್ಲವೆಂಬಂತೆ, ಮೆಲ್ಲಗೆ ಬಂದು ಕೂತಳು.

"ಭೇಷ್!"

ಕಿವಿ ಮಂದವಾದವನಿಗೆ ತನ್ನ ಗಂಟಲಿನ ಅಳತೆ ಎಲ್ಲಿ ಗೊತ್ತಾಗಬೇಕು? ಆ ನಿಶ್ಶಬ್ದದಲ್ಲಿ ಅದು ಬಾಲ್ಕನಿಯವರೆಗೂ ಹೋಯಿತು. ಮುಂದಿನ ಸಾಲಿನವರು ತಿರುಗಿ ದುರುಗುಟ್ಟಿದರು. ಮಧುಸೂದನ ಕೈಯಿಂದ ಬಾಯಿ ಮುಚ್ಚಿಕೊಂಡು ಹೆಂಡತಿಯ ಕಡೆ ನೋಡಿದ. ಅನಸೂಯಳ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಹಾಳೆ ಎಳೆದುಕೊಂಡು, ಬರೆದು ಅವನ ಮುಂದೆ ಹಿಡಿದಳು:

'ನಿಮ್ಮ ಭೇಷ್ ಸರಿಯಾದ ಜಾಗಕ್ಕೇ ಬಿತ್ತು ಕಣ್ರೀ. ಸುಮ್ನೆ ಕೂತು ಕೇಳಿ, ಇನ್ನೂ ಮುಗಿದಿಲ್ಲ.'